ಒಳಪೆಟ್ಟು ಮೊದಲು ಗೊತ್ತಾಗುವುದು ನಿಮಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹೈಸ್ಕೂಲು ಮತ್ತು ಪಿಯು ಕಾಲೇಜು ತಂಡಗಳ ಕ್ಯಾಪ್ಟನ್ನರಿಗೆ, ಹಿರಿಯ ಆಟಗಾರ, ಆಟಗಾರ್ತಿಯರಿಗೆ,

ಮಕ್ಕಳೇ,

ನಿಮ್ಮಲ್ಲಿ ಹಲವರ ಅಪ್ಪಂದಿರಿಗೆ, ಚಿಕ್ಕಪ್ಪಂದಿರಿಗೆ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಎಷ್ಟು ಸಲ ವರ್ಗವಾದರೂ ಈ ನಾಲ್ಕು ತಾಲ್ಲೂಕಿನೊಳಗೇ ಸುತ್ತಿದೆ. ಕಂದಾಯ ಇಲಾಖೆಯವರು ಇವನ್ನು ಒಟ್ಟಾಗಿ ಪಾಂಡವಪುರ ಉಪವಿಭಾಗ ಅನ್ನುತ್ತಾರೆ. ನನಗೆ ಇವು ಕಬಡ್ಡಿ ಅಂಕಣಗಳಾಗಿಯೇ ನೆನಪಿವೆ. ಕಾವೇರಿ ದಂಡೆಯ ಊರುಗಳಲ್ಲಿ ಬಿದ್ದರೂ ಅಷ್ಟಾಗಿ ತರಚದ ಮೆತ್ತನೆ ಮಣ್ಣು; ನಾಗಮಂಗಲದ ಕಡೆ ಬೆಳಿಗ್ಗೆ ಎಷ್ಟು ಬಿಂದಿಗೆ ನೀರು ಹೊಯ್ದರೂ ಮಧ್ಯಾಹ್ನಕ್ಕೆ ಕಲ್ಲಾಗುವ ಕೆಂಪು ನೆಲ. ಈಗ ನಿವೃತ್ತನಾಗಿದ್ದೇನೆ. ಆದರೂ ಹೋಬಳಿ ಮಟ್ಟದ ಪಂದ್ಯ ಶುರುವಾಯಿತೆಂದು ಕಿವಿಗೆ ಬಿದ್ದರೆ ಮನೆಯಲ್ಲಿ ಕೂರಲಾಗುವುದಿಲ್ಲ. ಹೋಗಿ ಗೆರೆಯ ಹೊರಗೆ ನಿಂತು ನೋಡುತ್ತೇನೆ. ನೋಡುವಾಗ ಹಳೆಯದೊಂದು ದಿನ ಕಣ್ಣ ಮುಂದೆ ಬರುತ್ತದೆ. ಅದನ್ನು ನಿಮಗೆ ಹೇಳಬೇಕೆಂದೇ ಈ ಪತ್ರ.

ಊರು, ಶಾಲೆ, ಹೆಸರು ಬೇಡ. ತಾಲ್ಲೂಕು ಮಟ್ಟದ ಸೆಮಿಫೈನಲ್. ನಮ್ಮ ರೈಡರ್ ಹತ್ತನೇ ಕ್ಲಾಸಿನ ಹುಡುಗ, ಲೆಕ್ಕದಲ್ಲಿ ಶಾಲೆಗೇ ಮುಂದು. ಬೋನಸ್ ಗೆರೆಗೆ ಕಾಲು ಚಾಚಿದ. ಕಾರ್ನರ್‌ನಲ್ಲಿದ್ದವನು ಆಂಕಲ್ ಹಿಡಿದ, ಇನ್ನೊಬ್ಬ ಓಡಿ ಬಂದು ಡ್ಯಾಶ್ ಕೊಟ್ಟ. ಬೀಳುವಾಗ ಕಿವಿಯ ಮೇಲ್ಭಾಗ ಯಾರದೋ ಮೊಣಕಾಲಿಗೆ ಬಡಿಯಿತು. ರಕ್ತ ಬರಲಿಲ್ಲ, ಊತ ಕಾಣಲಿಲ್ಲ. ಹತ್ತು ಎಣಿಸುವುದರೊಳಗೆ ಎದ್ದು ಕೂತ. ನಾನು ಮುಖಕ್ಕೆ ನೀರು ಎರಚಿ, ಬೆನ್ನು ತಟ್ಟಿ, "ಆಡ್ತೀಯೇನ್ಲಾ?" ಅಂದೆ. "ಆಡ್ತೀನಿ ಸಾ" ಅಂದ. ಹುಡುಗರು ಯಾವತ್ತೂ ಇನ್ನೇನು ಹೇಳುತ್ತಾರೆ? ಮುಂದಿನ ರೈಡ್‌ನಲ್ಲಿ ಮುಟ್ಟಿ ವಾಪಸು ಬರುವಾಗ ನಡುಗೆರೆ ಬಿಟ್ಟು ಲಾಬಿ ಕಡೆ ಓಡಿದ. ಜನ ನಕ್ಕರು. ನಾನು ಬೈದೆ. ಪಂದ್ಯ ಗೆದ್ದೆವು. ವಾಪಸು ಬರುವಾಗ ಟೆಂಪೋದಲ್ಲಿ ವಾಂತಿ ಮಾಡಿಕೊಂಡ. ಬಿಸಿಲಿಗೆ ಪಿತ್ತ ಕೆದರಿದೆ ಅಂತ ನಿಂಬೆಹಣ್ಣಿನ ಶರಬತ್ತು ಕುಡಿಸಿದೆ. ಮರುದಿನ ಫೈನಲ್ ಆಡಿಸಿದೆ. ಮೊದಲ ಅರ್ಧದಲ್ಲೇ ಇನ್ನೊಂದು ಏಟು ಬಿತ್ತು. ಹಿಂದಿನ ದಿನದ್ದಕ್ಕೆ ಹೋಲಿಸಿದರೆ ಏನೇನೂ ಅಲ್ಲ, ಭುಜ ತಗುಲಿದ್ದು ಅಷ್ಟೇ. ಹುಡುಗ ಏಳಲಿಲ್ಲ.

ಮೈಸೂರಿಗೆ ಕರೆದುಕೊಂಡು ಹೋದೆವು. ಬದುಕಿದ. ಆದರೆ ಎಂಟು ತಿಂಗಳು ತಲೆನೋವು ಬಿಡಲಿಲ್ಲ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಓದಿದ್ದು ನಿಲ್ಲುತ್ತಿರಲಿಲ್ಲ. ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲೇ ಫೇಲಾದ. ಅವರಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ತಂಡದ ಇನ್ನೊಬ್ಬ ಹುಡುಗ ನನ್ನ ಪಕ್ಕ ಬಂದು ಕೂತ. ನಮ್ಮ ಎಡ ಕಾರ್ನರ್, ಅವನ ಜೀವದ ಗೆಳೆಯ. ನೆಲ ನೋಡುತ್ತಾ ಹೇಳಿದ: "ನಂಗೆ ನೆನ್ನೆನೇ ಗೊತ್ತಾಯ್ತು ಸಾ. ಬಿದ್ದೆದ್ ಮ್ಯಾಲೆ ಸ್ಕೋರ್ ಎಷ್ಟಾಯ್ತ್ಲಾ ಅಂತ ಮೂರ್ ಸಲ ಕೇಳ್ದ. ಹೇಳಿದ್ನೇ ಮತ್ ಮತ್ ಕೇಳ್ದ. ನಿಮ್ಗ್ ಹೇಳಾನ ಅನ್ಕಂಡೆ. ಮ್ಯಾಚ್ ಹೊಯ್ತದೆ, ನೀವ್ ಬಯ್ತೀರಿ, ಅವ್ನೂ ಚಾಡಿ ಹೇಳ್ದೆ ಅಂತಾನೆ ಅಂತ ಸುಮ್ಕಾದೆ."

ಮೇಷ್ಟ್ರಿಗೆ ಗೊತ್ತಾಗದ್ದು ಹದಿನೈದರ ಹುಡುಗನಿಗೆ ಗೊತ್ತಾಗಿತ್ತು. ತಿಳಿವಳಿಕೆ ಅಂಕಣದೊಳಗೇ ಇತ್ತು. ಅದು ಗೆರೆ ದಾಟಿ ಹೊರಗೆ ಬರಲು ದಾರಿ ಇರಲಿಲ್ಲ. ಆ ದಾರಿಯನ್ನು ನೀವು ಮಾಡಬೇಕು ಅಂತ ಕೇಳುತ್ತಿದ್ದೇನೆ.

ಡಾಕ್ಟರುಗಳು ಇದನ್ನು ಕನ್‌ಕಷನ್ ಅನ್ನುತ್ತಾರೆ. ಕ್ರಿಕೆಟ್ ಕಾಮೆಂಟರಿಯಲ್ಲಿ ನೀವೂ ಕೇಳಿರುತ್ತೀರಿ. ನಮ್ಮ ಹಿರಿಯರಲ್ಲಿ ಇದಕ್ಕೆ ಬಹಳ ಹತ್ತಿರದ ಮಾತಿದೆ: ಒಳಪೆಟ್ಟು. ಚರ್ಮ ಹರಿದಿಲ್ಲ, ಮೂಳೆ ಮುರಿದಿಲ್ಲ, ಒಳಗೆ ಏನೋ ಆಗಿದೆ. ಕೆ.ಆರ್. ಪೇಟೆ, ನಾಗಮಂಗಲದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದೀರಲ್ಲ. ಚಿಪ್ಪು ಅಲುಗುವುದಿಲ್ಲ, ಒಳಗೆ ಉಂಡೆ ಕೊಬ್ಬರಿ ಗಡಗಡ ಅನ್ನುತ್ತದೆ. ತಲೆಬುರುಡೆಯೊಳಗೆ ಮೆದುಳೂ ನೀರಿನಂಥ ದ್ರವದ ನಡುವೆ ಇರುತ್ತದೆ. ಕೊಬ್ಬರಿಯಷ್ಟು ಗಟ್ಟಿಯಲ್ಲ, ಬೆಣ್ಣೆಯಂಥ ಮೆತ್ತನೆ ವಸ್ತು. ತಲೆ ಜೋರಾಗಿ ತಿರುಗಿದಾಗ, ತಟ್ಟನೆ ನಿಂತಾಗ, ಒಳಗೆ ಅದು ಎಳೆದಾಡುತ್ತದೆ. ಅದಕ್ಕೆ ತಲೆಗೇ ಏಟು ಬೀಳಬೇಕಾಗಿಲ್ಲ. ಎದೆಗೆ ಬಿದ್ದ ಡ್ಯಾಶ್‌ಗೆ ಕುತ್ತಿಗೆ ಚಾಟಿಯಂತೆ ಬೀಸಿದರೂ ಸಾಕು.

ಆಮೇಲೆ ಆಗುವುದನ್ನು ನಿಮ್ಮ ಮನೆಯ ಪಂಪ್‌ಸೆಟ್ಟಿನ ಮಾತಿನಲ್ಲೇ ಹೇಳುತ್ತೇನೆ. ಏಟು ಬಿದ್ದ ನರಕೋಶಗಳ ಒಳಗಿನ ಲವಣ ಹೊರಗೆ, ಹೊರಗಿನದು ಒಳಗೆ ಆಗುತ್ತದೆ. ಎಲ್ಲವನ್ನೂ ಮತ್ತೆ ಅದರದರ ಜಾಗಕ್ಕೆ ಸೇರಿಸಲು ಮೆದುಳಿಗೆ ವಿಪರೀತ ಶಕ್ತಿ ಬೇಕು. ಸರಿಯಾಗಿ ಅದೇ ಹೊತ್ತಿಗೆ ರಕ್ತದ ಪೂರೈಕೆ ಇಳಿದಿರುತ್ತದೆ. ವೋಲ್ಟೇಜ್ ಇಲ್ಲದಾಗ ಮೋಟಾರು ಓಡಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಒಂದಷ್ಟು ದಿನ ನಿಲ್ಲಿಸಿದರೆ ತಾನಾಗಿ ಸರಿಹೋಗುತ್ತದೆ. ಆ ನಡುವೆ ಇನ್ನೊಂದು ಏಟು ಬಿದ್ದರೆ ತೊಂದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಅಪರೂಪಕ್ಕೆ, ಅದರಲ್ಲೂ ನಿಮ್ಮ ವಯಸ್ಸಿನವರಲ್ಲಿ, ಮೆದುಳು ಒಮ್ಮೆಲೇ ಊದಿಕೊಂಡು ಜೀವವೇ ಹೋಗುತ್ತದೆ.

ಪ್ರಜ್ಞೆ ತಪ್ಪಿದರೆ ಮಾತ್ರ ದೊಡ್ಡ ಏಟು ಅಂತ ನಾವೆಲ್ಲ ನಂಬಿದ್ದೆವು. ಅದು ತಪ್ಪು. ಕನ್‌ಕಷನ್ ಆದ ಹತ್ತರಲ್ಲಿ ಒಂಬತ್ತು ಜನಕ್ಕೆ ಪ್ರಜ್ಞೆ ತಪ್ಪುವುದೇ ಇಲ್ಲ. ಸ್ಕ್ಯಾನ್ ಮಾಡಿಸಿದರೂ ಸಾಮಾನ್ಯವಾಗಿ ಏನೂ ಕಾಣದು. ಸಿ.ಟಿ. ಸ್ಕ್ಯಾನಿನಲ್ಲಿ ರಕ್ತಸ್ರಾವ, ಮೂಳೆಯ ಬಿರುಕು ಕಾಣುತ್ತದೆ, ಈ ಶಕ್ತಿಯ ಬರ ಕಾಣುವುದಿಲ್ಲ. "ಸ್ಕ್ಯಾನ್ ಕ್ಲಿಯರ್ ಐತೆ, ನಾಳೆಯಿಂದ ಆಡು" ಅಂತ ಮನೆಯವರೇ ಕಳಿಸುವುದು ಇದರಿಂದಲೇ. ಹಾಗಾದರೆ ತಿಳಿಯುವುದು ಹೇಗೆ? ನೋಡಿಯೇ ತಿಳಿಯಬೇಕು. ತಲೆ ಗಿಮ್ಮನ್ನುವುದು, ಕಣ್ಣು ಮಂಜಾಗುವುದು, ಓಕರಿಕೆ, ಬೆಳಕು ಗಲಾಟೆ ಸಹಿಸಲಾಗದಿರುವುದು, ನಡೆಯುವಾಗ ಓಲಾಡುವುದು, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುವುದು, ಸುಮ್ಮಸುಮ್ಮನೆ ಸಿಟ್ಟಾಗುವುದು, ಅಳುವುದು. ಇದರಲ್ಲಿ ಅರ್ಧದಷ್ಟು ಆ ಆಟಗಾರನಿಗೇ ಗೊತ್ತಾಗುವುದಿಲ್ಲ. ದಿನಾ ಅವನ ಜೊತೆ ಆಡುವವನಿಗೆ, ಒಂದೇ ಬೆಂಚಿನಲ್ಲಿ ಕೂರುವವಳಿಗೆ ಗೊತ್ತಾಗುತ್ತದೆ. "ಯಾಕೋ ಇವತ್ತು ಇವ್ನು ಇವ್ನಂಗಿಲ್ಲ" ಅಂತ ನಿಮಗೆ ಅನ್ನಿಸಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಅಂಕಣದ ಪಕ್ಕದಲ್ಲೂ ಇಲ್ಲ.

ಎಲ್ಲವೂ ಕೂಡಲೇ ಕಾಣಿಸಿಕೊಳ್ಳಬೇಕೆಂದಿಲ್ಲ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದಾಗ ಅವರು 80 ರನ್ ಗಳಿಸಿ ಆಡುತ್ತಿದ್ದರು. ಹೊರಗೆ ಹೋದರು, ತಂಡದ ಡಾಕ್ಟರ್ ಪರೀಕ್ಷೆ ಮಾಡಿದರು, ಸರಿಯಿದ್ದಾರೆಂದು ವಾಪಸು ಬಂದು 92ಕ್ಕೆ ಔಟಾದರು. ಮರುದಿನ ಬೆಳಿಗ್ಗೆ ಎದ್ದಾಗ ತಲೆನೋವು, ಮಂಕು. ಆಟದಿಂದ ಹೊರಗಿಟ್ಟರು. ಅವರ ಜಾಗಕ್ಕೆ ಬಂದ ಮಾರ್ನಸ್ ಲಬುಶೇನ್ ಟೆಸ್ಟ್ ಕ್ರಿಕೆಟ್ಟಿನ ಮೊದಲ ಕನ್‌ಕಷನ್ ಬದಲಿ ಆಟಗಾರ. ಆ ನಿಯಮ ಜಾರಿಗೆ ಬಂದು ಆಗ ಇನ್ನೂ ಮೂರು ವಾರವೂ ಆಗಿರಲಿಲ್ಲ. ಜಗತ್ತಿನ ಒಳ್ಳೊಳ್ಳೆಯ ಡಾಕ್ಟರುಗಳು ಪಕ್ಕದಲ್ಲಿದ್ದಾಗಲೇ ಒಂದು ರಾತ್ರಿ ತಡವಾಗಿ ತಿಳಿಯಿತು. ನಮ್ಮ ಹೋಬಳಿ ಮಟ್ಟದ ಪಂದ್ಯಗಳಲ್ಲಿ ಡಾಕ್ಟರ್ ಇದ್ದದ್ದನ್ನು ನಾನು ಕಂಡದ್ದು ಕಡಿಮೆ. ಒಂದು ಐಯೋಡಿನ್ ಬಾಟಲಿ, ಹತ್ತಿ, ನೋವಿನ ಸ್ಪ್ರೇ, ಒಂದು ಪೊಟ್ಟಣ ಗ್ಲೂಕೋಸ್, ಅಷ್ಟೇ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯ ಮಟ್ಟದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪಕ್ಕದ ಮೈಸೂರಿನ 23 ವರ್ಷದ ಯುವಕ ಎದುರಾಳಿಯ ಏಟಿಗೆ ಕುಸಿದು ಬಿದ್ದ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರಿದರು. ಆ ವಿಡಿಯೊ ಫೋನಿಂದ ಫೋನಿಗೆ ಓಡಾಡಿತು. ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ನನಗೆ ಪೂರ್ತಿ ನೋಡಲಾಗಲಿಲ್ಲ.

ನೀವು ಏಕೆ ಹೇಳುವುದಿಲ್ಲ ಎಂಬುದು ನನಗೆ ಗೊತ್ತು. ಆ ಕಾರಣಗಳು ಸಣ್ಣವಲ್ಲ. ತಾಲ್ಲೂಕು ಗೆದ್ದರೆ ಜಿಲ್ಲೆ, ಜಿಲ್ಲೆ ಗೆದ್ದರೆ ವಿಭಾಗ, ಅಲ್ಲಿಂದ ರಾಜ್ಯ. ಅಲ್ಲಿ ಸಿಗುವ ಒಂದು ಸರ್ಟಿಫಿಕೇಟ್ ಕ್ರೀಡಾ ಹಾಸ್ಟೆಲ್ಲಿಗೆ, ಕಾಲೇಜು ಸೀಟಿಗೆ, ಮುಂದೆ ಪೊಲೀಸ್ ಕೆಲಸಕ್ಕೆ ದಾರಿ. ಎರಡು ಎಕರೆ ಕಬ್ಬು, ಅದಕ್ಕೊಂದು ಸಾಲ ಇರುವ ಮನೆಯ ಹುಡುಗನಿಗೆ "ಇವತ್ತು ಕೂತ್ಕೋ" ಅನ್ನುವುದು ಸುಲಭದ ಮಾತಲ್ಲ. ಗಣೇಶನ ಹಬ್ಬದ ಹೊನಲು ಬೆಳಕಿನ ಟೂರ್ನಿಯಲ್ಲಿ ಊರಿಗೆ ಊರೇ ನೋಡುತ್ತಿರುವಾಗ ತಲೆ ಹಿಡಿದುಕೊಂಡು ಹೊರಗೆ ಬರುವುದು ಇನ್ನೂ ಕಷ್ಟ.

ಹುಡುಗಿಯರ ಕಷ್ಟ ಬೇರೆ. ನಿಮ್ಮ ತಂಡದ ಎಷ್ಟೋ ಜನ ಮನೆಯಲ್ಲಿ ಹಟ ಹಿಡಿದು, ಅಜ್ಜಿಯ ಕೈಲಿ ಹೇಳಿಸಿ ಆಡಲು ಬಂದವರು. ತಲೆಗೆ ಏಟಾಯಿತೆಂದು ಮನೆಗೆ ಗೊತ್ತಾದರೆ ಒಂದು ಪಂದ್ಯವಲ್ಲ, ಆಟವೇ ನಿಂತುಹೋಗುತ್ತದೆ. ಅದಕ್ಕೆ ಅವರು ಹುಡುಗರಿಗಿಂತ ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲಿನಂಥ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಲ್ಲೇ ಕನ್‌ಕಷನ್ ಹೆಚ್ಚು ಕಂಡುಬಂದಿದೆ. ನಮ್ಮಲ್ಲಿ ಖೋಖೋ ಆಡುವವರು ಕಂಬಕ್ಕೆ ತಲೆ ತಗುಲಿಸಿಕೊಳ್ಳುವುದನ್ನು, ಡೈವ್ ಹೊಡೆದಾಗ ಗಲ್ಲ ನೆಲಕ್ಕೆ ಬಡಿಯುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಪಕ್ಕದ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ಖೋಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಅದಾದ ಮೇಲೆ ಆಟಕ್ಕೆ ಬರುವ ಹುಡುಗಿಯರು ಹೆಚ್ಚಿದ್ದಾರೆ ಅಂತ ನನಗನ್ನಿಸುತ್ತದೆ. ಅವರ ಅಪ್ಪ ಅಮ್ಮಂದಿರಿಗೆ "ಏಟೇ ಬೀಳಲ್ಲ" ಎಂದು ಸುಳ್ಳು ಹೇಳಲು ಹೋಗಬೇಡಿ. "ಬಿದ್ರೆ ಏನ್ ಮಾಡ್ಬೇಕು ಅಂತ ನಮ್ಗ್ ಗೊತ್ತೈತೆ, ಇವಳನ್ನ ಒಬ್ಬಳೇ ಬುಡಲ್ಲ" ಅಂತ ಕ್ಯಾಪ್ಟನ್ ಮನೆಗೆ ಹೋಗಿ ಹೇಳಿದರೆ ಆಟ ನಿಲ್ಲುವುದಿಲ್ಲ. ನಾನು ಕೊನೆಕೊನೆಗೆ ಹಾಗೆ ಹೋಗಿ ಹೇಳಿದ್ದೇನೆ, ಒಪ್ಪಿದ್ದಾರೆ.

ಏಟು ಬಿದ್ದರೂ ಆಡಬೇಕು ಅನ್ನುವಾಗ ಕುಂಬ್ಳೆಯವರ ಹೆಸರು ಹೇಳುತ್ತೀರಿ, ಗೊತ್ತು. ನಾನೂ ಎಷ್ಟೋ ವರ್ಷ ಮಕ್ಕಳಿಗೆ ಅದನ್ನೇ ಹೇಳಿದವನು. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದುಕೊಂಡು, ತಲೆ ಸುತ್ತ ಬ್ಯಾಂಡೇಜ್ ಬಿಗಿದುಕೊಂಡು ಬೌಲಿಂಗಿಗೆ ಬಂದು ಲಾರಾ ವಿಕೆಟ್ ತೆಗೆದದ್ದು ನಮ್ಮ ರಾಜ್ಯದ ಹೆಮ್ಮೆ. ಅದು ಈಗಲೂ ಹೆಮ್ಮೆಯೇ. ಆದರೆ ದವಡೆಯ ನೋವು ತಾಳಿಕೊಳ್ಳುವಂಥದ್ದು, ತಾಳಿಕೊಳ್ಳುವೆನೆಂದು ತೀರ್ಮಾನ ಮಾಡಲು ಆ ಹೊತ್ತಿಗೆ ಮೆದುಳು ನೆಟ್ಟಗಿರಬೇಕು. ಮೆದುಳಿಗೇ ಏಟು ಬಿದ್ದವನ "ಆಡ್ತೀನಿ" ಎಂಬ ಮಾತನ್ನು ನಂಬುವುದು ಹೇಗೆ? ತೀರ್ಮಾನ ಮಾಡಬೇಕಾದ ಅಂಗಕ್ಕೇ ಪೆಟ್ಟಾಗಿದೆ. ಮುಖಕ್ಕೆ ಬಿದ್ದ ಅಂಥ ಏಟು ಒಳಗೂ ತಟ್ಟಿದೆಯೇ ಅಂತ ಇವತ್ತಾದರೆ ಮೊದಲು ನೋಡುತ್ತಾರೆ. ಕುಂಬ್ಳೆಯವರ ಕಥೆ ಹೇಳುವಾಗ ದ್ರಾವಿಡ್ ಕಥೆಯನ್ನೂ ಸೇರಿಸಿ ಹೇಳಿ. 2010ರ ಜನವರಿಯಲ್ಲಿ ಢಾಕಾದ ಮೀರ್‌ಪುರದಲ್ಲಿ 111 ರನ್ ಗಳಿಸಿ ಆಡುತ್ತಿದ್ದಾಗ ಬೌನ್ಸರ್ ಬಡಿದು ಕೆನ್ನೆಯ ಮೂಳೆ ಬಿರುಕು ಬಿಟ್ಟಿತು. ಆಟ ಬಿಟ್ಟು ಹೊರಗೆ ನಡೆದರು. ಆಸ್ಪತ್ರೆಗೆ ಹೋದರು. ಅಂಕಪಟ್ಟಿಯಲ್ಲಿ ಇವತ್ತಿಗೂ ಗಾಯಗೊಂಡು ನಿವೃತ್ತಿ ಎಂದೇ ಇದೆ. ಮುಂದಿನ ಸರಣಿಯನ್ನೂ ಬಿಟ್ಟರು. ಅದಕ್ಕಾಗಿ ದ್ರಾವಿಡ್‌ರನ್ನು ಹೇಡಿ ಎಂದವರನ್ನು ನಾನು ಕಂಡಿಲ್ಲ.

ದೂರದ ಹುಡುಗಿಯೊಬ್ಬಳ ವಿಷಯ ಹೇಳುತ್ತೇನೆ. ಅವಳ ತಂಡದವರಿಗೂ ನಮ್ಮ ಎಡ ಕಾರ್ನರ್ ಹುಡುಗನಿಗೂ ಹೆಚ್ಚು ದೂರವಿಲ್ಲ. ಕೆನಡಾದ ಒಟ್ಟಾವಾದಲ್ಲಿ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದವಳು ಶಾಲೆಯ ರಗ್ಬಿ ತಂಡದ ಕ್ಯಾಪ್ಟನ್. 2013ರ ಮೇ ತಿಂಗಳಲ್ಲಿ ಒಂದೇ ವಾರದೊಳಗೆ ಮೂರು ಪಂದ್ಯ ಆಡಿದಳು. ಮೊದಲಿನ ಏಟುಗಳ ನಂತರ ತಲೆನೋವು ಇತ್ತು. ಕನ್‌ಕಷನ್ ಇರಬಹುದೇ ಅಂತ ಫೋನಿನಲ್ಲಿ ಹುಡುಕಿದ್ದಳು, ಗೆಳತಿಯರಿಗೆ ಮೆಸೇಜ್ ಕಳಿಸಿದ್ದಳು. ದೊಡ್ಡವರಿಗೆ ಹೇಳಿರಲಿಲ್ಲ. ಕೊನೆಯ ಪಂದ್ಯದಲ್ಲಿ ಮತ್ತೆ ಬಿದ್ದಳು, ನಾಲ್ಕು ದಿನಕ್ಕೆ ತೀರಿಕೊಂಡಳು. ಆ ಗೆಳತಿಯರದು ತಪ್ಪು ಅಂತ ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ಗೊತ್ತಾದಾಗ ಏನು ಮಾಡಬೇಕೆಂದು ಆ ಮಕ್ಕಳಿಗೆ ಮನಸ್ಸಿಗೆ ಇಳಿಯುವ ಹಾಗೆ ಯಾರೂ ಹೇಳಿರಲಿಲ್ಲ. ಅವಳ ಅಪ್ಪ ಅಮ್ಮ ಬಿಡದೆ ಓಡಾಡಿದರು. 2018ರಲ್ಲಿ ಒಂಟಾರಿಯೊ ಪ್ರಾಂತ್ಯ ಅವಳ ಹೆಸರಿನಲ್ಲೇ ಕಾನೂನು ಮಾಡಿತು. ಅಲ್ಲಿ ಈಗ 26 ವರ್ಷದೊಳಗಿನ ಆಟಗಾರರು ಪ್ರತಿ ವರ್ಷ ತಂಡಕ್ಕೆ ಹೆಸರು ಕೊಡುವ ಮೊದಲು ಕನ್‌ಕಷನ್ ಬಗ್ಗೆ ಓದಿ ತಿಳಿದುಕೊಳ್ಳಲೇಬೇಕು.

ನಮಗೆ ಅಂಥ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು ನಮ್ಮ ಕಡೆ ಹೊಸತೇ ಅಲ್ಲ. ಗರಡಿಮನೆಯಲ್ಲಿ ಉಸ್ತಾದರು ಮೂಲೆಯಲ್ಲಿ ಕೂತಿರುತ್ತಾರೆ. ಮಟ್ಟಿಯಲ್ಲಿ ಬೀಳುವುದನ್ನು, ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿಕೊಳ್ಳುವುದನ್ನು ಕಲಿಸುವವರು ಎರಡು ವರ್ಷ ದೊಡ್ಡ ಹುಡುಗರೇ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಕೂಡ ಇದೇ ದಾರಿ ಹಿಡಿದಿದೆ. ಹದಿಹರೆಯದವರ ಆರೋಗ್ಯದ ಮಾತನ್ನು ಅವರ ವಯಸ್ಸಿನವರ ಬಾಯಿಂದಲೇ ಆಡಿಸುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಎಂಬ ಬೋರ್ಡು ನೋಡಿರುತ್ತೀರಿ, ಅದು ನಿಮ್ಮ ವಯಸ್ಸಿನವರಿಗಾಗಿಯೇ ಇರುವುದು. ಆ ಆರೋಗ್ಯದ ಮಾತುಗಳ ಜೊತೆ ಒಳಪೆಟ್ಟಿನ ಮಾತೂ ಸೇರಲಿ ಅಂತ ನನ್ನ ಆಸೆ.

ನಾನು ಬಂದು ಭಾಷಣ ಮಾಡಿದರೆ ಎಂಟನೇ ಕ್ಲಾಸಿನ ಮಕ್ಕಳು ಕೈ ಕಟ್ಟಿ ಕೂತು ಕೇಳಿ, ಗೇಟು ದಾಟುವಾಗ ಮರೆಯುತ್ತಾರೆ. ಜಿಲ್ಲಾ ತಂಡಕ್ಕೆ ಆಡಿದ ಅಣ್ಣ ಅಂಕಣದ ಮಣ್ಣಿನಲ್ಲಿ ಕೂತು "ನಂಗೂ ಹಿಂಗೇ ಆಗಿತ್ತು ಕಣ್ಲಾ, ಮುಚ್ಚಿಟ್ಟೆ, ತಪ್ ಮಾಡ್ದೆ" ಅಂದರೆ ಮರೆಯುವುದಿಲ್ಲ. ಆದ್ದರಿಂದ ಋತುವಿನ ಮೊದಲ ಪ್ರಾಕ್ಟೀಸಿನ ದಿನ, ವಾರ್ಮ್‌ಅಪ್ಪಿಗೂ ಮೊದಲು, ಅರ್ಧ ಗಂಟೆ ತೆಗೆದುಕೊಳ್ಳಿ. ಮನೆಯಿಂದ ಒಂದು ಒಣಗಿದ ಕಾಯಿ ತನ್ನಿ. ಎಲ್ಲರ ಕೈಗೂ ಕೊಟ್ಟು ಅಲ್ಲಾಡಿಸಲು ಹೇಳಿ. ಪಂಪ್‌ಸೆಟ್ಟಿನ ಮಾತು ಹೇಳಿ. ಆಮೇಲೆ ಇಬ್ಬರನ್ನು ಎಬ್ಬಿಸಿ ನಟನೆ ಮಾಡಿಸಿ: ಒಬ್ಬ ಬಿದ್ದವನು, ಒಬ್ಬ ಗೆಳೆಯ. ಬಿದ್ದವನು ಬೇಡವೆಂದು ಗೋಗರೆಯಬೇಕು, ಗೆಳೆಯ ಕೈ ಎತ್ತಿ ರೆಫರಿಯನ್ನು ಕರೆಯಬೇಕು. ಬಾಯಿಬಿಟ್ಟು ಹೇಳುವುದನ್ನೂ ಥೈ ಹೋಲ್ಡಿನಂತೆ ಅಭ್ಯಾಸ ಮಾಡಿಯೇ ಕಲಿಯಬೇಕು. ಪಂದ್ಯದ ಗದ್ದಲದಲ್ಲಿ ಮೊದಲ ಸಲ ಅದು ಬಾಯಿಗೆ ಬರುವುದಿಲ್ಲ. ಜೊತೆಗೆ ಕ್ಯಾಪ್ಟನ್ ಎಲ್ಲರೆದುರು ಒಂದು ಮಾತು ಕೊಡಬೇಕು: ನಮ್ಮ ತಂಡದಲ್ಲಿ ಇದು ಚಾಡಿಯಲ್ಲ, ಹೇಳಿದವನನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ.

ಪ್ರತಿ ಪಂದ್ಯಕ್ಕೆ ಬದಲಿ ಆಟಗಾರರಲ್ಲಿ ಒಬ್ಬರಿಗೆ ತಲೆಗಳನ್ನು ನೋಡುವ ಕೆಲಸ ಕೊಡಿ. ಯಾರು ಹೇಗೆ ಬಿದ್ದರು, ಎದ್ದ ಮೇಲೆ ಮೊದಲ ನಾಲ್ಕು ಹೆಜ್ಜೆ ಹೇಗಿಟ್ಟರು ಅಂತ ಅವರು ನೋಡಲಿ. ಅನುಮಾನ ಬಂದರೆ ಹತ್ತಿರ ಹೋಗಿ ಕೇಳಿ: ನಾವೀಗ ಯಾವ ಊರಲ್ಲಿದ್ದೀವಿ? ಇದು ಮೊದಲ ಅರ್ಧವೋ ಎರಡನೆಯದೋ? ಕೊನೆ ಪಾಯಿಂಟ್ ತಂದವರು ಯಾರು? ಹೋದ ಮ್ಯಾಚು ಯಾರ ಮೇಲೆ ಆಡಿದ್ವಿ, ಗೆದ್ವಾ? ಡಾಕ್ಟರುಗಳೂ ಮೈದಾನದಲ್ಲಿ ಹೆಚ್ಚುಕಡಿಮೆ ಇಂಥವನ್ನೇ ಕೇಳುತ್ತಾರೆ. ಒಂದು ತಪ್ಪಿದರೂ ಹೊರಗೆ ಕರೆಯಿರಿ. ಎಲ್ಲ ಸರಿಯಾಗಿ ಹೇಳಿಯೂ ತಲೆ ಗಿಮ್ಮನ್ನುತ್ತಿದ್ದರೆ ಆಗಲೂ ಕರೆಯಿರಿ. ಆ ದಿನ ಮತ್ತೆ ಅಂಕಣಕ್ಕೆ ಇಳಿಸಬೇಡಿ, ಫೈನಲ್ ಆಗಿದ್ದರೂ. ಕಬಡ್ಡಿಯಲ್ಲಿ ಏಳು ಜನ ಒಳಗೆ, ಐದು ಜನ ಹೊರಗೆ ಇರುವುದು ಇದಕ್ಕಾಗಿಯೂ ಹೌದು.

ಹೊರಗೆ ಬಂದವನನ್ನು ಒಬ್ಬನೇ ಬಿಡಬೇಡಿ. ಸೈಕಲ್ಲು, ಬೈಕು ಓಡಿಸಿಕೊಂಡು ಮನೆಗೆ ಹೋಗಲು ಬಿಡಲೇಬೇಡಿ. ಮೂಗಿಗೆ ಈರುಳ್ಳಿ ಹಿಡಿಯುವುದು, ತಲೆ ತಿಕ್ಕುವುದು, ಕೈಗೆ ಸಿಕ್ಕ ನೋವಿನ ಮಾತ್ರೆ ನುಂಗಿಸುವುದು ಬೇಡ. ಕೆಲವು ಮಾತ್ರೆಗಳು ಒಳಗೆ ರಕ್ತ ಸೋರುತ್ತಿದ್ದರೆ ಅದನ್ನು ಹೆಚ್ಚಿಸುತ್ತವೆ. ಎಷ್ಟೇ ಸಣ್ಣದೆನಿಸಿದರೂ ಅವತ್ತೇ ಡಾಕ್ಟರಿಗೆ ತೋರಿಸಿ. ಇನ್ನು ಕೆಲವು ಲಕ್ಷಣ ಕಂಡರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಬೇಕು: ಮತ್ತೆ ಮತ್ತೆ ವಾಂತಿ, ಹೊತ್ತು ಹೋದಂತೆ ಏರುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸು, ಕೈಕಾಲು ಜೋಮು ಅಥವಾ ಸೋಲು, ಒಂದು ಕಣ್ಣಿನ ಪಾಪೆ ದೊಡ್ಡದು ಇನ್ನೊಂದು ಚಿಕ್ಕದು, ಕಿವಿ ಮೂಗಿನಿಂದ ನೀರಿನಂಥದ್ದು ಸೋರುವುದು, ಕುತ್ತಿಗೆಯಲ್ಲಿ ತೀವ್ರ ನೋವು. ಕುತ್ತಿಗೆ ನೋವೆಂದರೆ ಎತ್ತಿ ಕೂರಿಸಬೇಡಿ, ಬಿದ್ದಲ್ಲೇ ಅಲುಗದಂತೆ ಇಡಿ. ತಲೆಬುರುಡೆಯೊಳಗೆ ರಕ್ತ ಸೋರುವವರು ಕೆಲವು ಸಲ ಒಂದೆರಡು ಗಂಟೆ ಚೆನ್ನಾಗೇ ಮಾತಾಡಿಕೊಂಡಿದ್ದು ಆಮೇಲೆ ಕುಸಿಯುತ್ತಾರೆ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ನಾಗಮಂಗಲ ಸೀಮೆಯವರಿಗೆ ಬೆಳ್ಳೂರು ಕ್ರಾಸಿನ ಹತ್ತಿರ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಶ್ರೀರಂಗಪಟ್ಟಣದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ, ಪಾಂಡವಪುರದವರಿಗೆ ಮಂಡ್ಯದ ಮಿಮ್ಸ್ ಅಥವಾ ಮೈಸೂರು. ಕೆ.ಆರ್. ಪೇಟೆಯ ಒಳಹಳ್ಳಿಗಳಿಗೆ ಎಲ್ಲವೂ ದೂರ. ಅಲ್ಲಿ ಟೂರ್ನಿ ನಡೆಸುವ ಯುವಕ ಸಂಘದವರು ಮೈಕ್ ಸೆಟ್ಟಿಗೆ ಹೇಳುವ ದಿನವೇ ಒಂದು ಕಾರನ್ನೂ ಡ್ರೈವರನ್ನೂ ಗೊತ್ತು ಮಾಡಿ ಇಟ್ಟಿರಬೇಕು.

ಮತ್ತೆ ಆಡುವುದು ಯಾವಾಗ ಅಂತ ಕೇಳುತ್ತೀರಿ. ಮೊದಲ ಒಂದೆರಡು ದಿನ ವಿಶ್ರಾಂತಿ, ಫೋನು ಆದಷ್ಟು ದೂರ. ಹಾಗಂತ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದೂ ಬೇಡ, ಆ ಕಾಲ ಹೋಯಿತು. ಸಣ್ಣ ಪುಟ್ಟ ಓಡಾಟ ಒಳ್ಳೆಯದು. ಮೊದಲು ಪಾಠಕ್ಕೆ ವಾಪಸು ಬರಬೇಕು, ಆಮೇಲೆ ಆಟಕ್ಕೆ. ಕ್ಲಾಸಿನಲ್ಲಿ ಕೂತು ಬೋರ್ಡು ನೋಡಲಾಗದವನು ಅಂಕಣದಲ್ಲಿ ಏಳು ಜನರನ್ನು ನೋಡುವುದೆಂತು? ನಡಿಗೆ, ನಿಧಾನದ ಓಟ, ಒಬ್ಬನೇ ಫುಟ್‌ವರ್ಕ್, ಆಮೇಲೆ ಯಾರೂ ಹಿಡಿಯದ ಖಾಲಿ ರೈಡ್, ಡಾಕ್ಟರ್ ಒಪ್ಪಿದ ಮೇಲೆ ಪೂರ್ತಿ ಪ್ರಾಕ್ಟೀಸ್, ಕೊನೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ತಲೆನೋವು ಜಾಸ್ತಿಯಾದರೆ ಒಂದು ಮೆಟ್ಟಿಲು ಕೆಳಗೆ. ಬ್ರಿಟನ್ನಿನಲ್ಲಿ 2023ರಿಂದ ಡಾಕ್ಟರಿಲ್ಲದ ಊರಮಟ್ಟದ ಆಟಗಳಿಗೆ ಇಟ್ಟುಕೊಂಡ ಲೆಕ್ಕ, ಏಟು ಬಿದ್ದ 21 ದಿನದೊಳಗೆ ಪಂದ್ಯ ಆಡುವಂತಿಲ್ಲ ಎಂಬುದು. ನಮ್ಮ ಮೈದಾನಗಳಿಗೂ ಅದೇ ಸರಿಯಾದ ಲೆಕ್ಕ ಅಂತ ನನ್ನ ಅಭಿಪ್ರಾಯ. ಆ ಮೂರು ವಾರ ಅವನನ್ನು ತಂಡದಿಂದ ದೂರ ಇಡಬೇಡಿ. ಸ್ಕೋರ್ ಬರೆಯಲಿ, ಚಿಕ್ಕವರಿಗೆ ಕಾಯಿ ಅಲ್ಲಾಡಿಸಿ ತೋರಿಸಲಿ.

ದೈಹಿಕ ಶಿಕ್ಷಕರು ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ಹುಡುಗನೊಬ್ಬ ಬಂದು "ಸಾ, ಅವ್ನಿಗ್ ಯಾಕೋ ಸರಿ ಇಲ್ಲ" ಅಂದಾಗ ಬೈಯಬೇಡಿ. ಆ ಒಂದು ಸಲ ಬೈದರೆ ಇಡೀ ಶಾಲೆಯ ಬಾಯಿ ಹತ್ತು ವರ್ಷ ಮುಚ್ಚುತ್ತದೆ. ನನ್ನ ಶಾಲೆಯಲ್ಲಿ ಹಾಗಾಯಿತು.

ಆ ಲೆಕ್ಕದ ಹುಡುಗ ಮರುವರ್ಷ ಪರೀಕ್ಷೆ ಕಟ್ಟಿ ಪಾಸಾದ. ಈಗ ಅವನದೇ ಅಂಗಡಿಯಿದೆ. ಆಲೆಮನೆಗಳಿಗೆ ಬೇಕಾದ ಸಾಮಾನು ಮಾರುತ್ತಾನೆ. ಜಾತ್ರೆಯಲ್ಲಿ ತಮಟೆ ಜೋರಾದರೆ ಈಗಲೂ ದೂರ ಹೋಗಿ ನಿಲ್ಲುತ್ತಾನೆ. ಎಡ ಕಾರ್ನರ್ ಹುಡುಗ ತನ್ನೂರಿನ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಕಬಡ್ಡಿ ಹೇಳಿಕೊಡುತ್ತಾನೆ. ಹೋದ ತಿಂಗಳು ನನ್ನನ್ನು ಕರೆದಿದ್ದ. ಇಪ್ಪತ್ತು ಮಕ್ಕಳು ಸುತ್ತ ಕೂತಿದ್ದರು. ನಾನು ಮಾತಾಡಬೇಕು ಎನ್ನುವಷ್ಟರಲ್ಲಿ ಅವನೇ ಎದ್ದು, ಚೀಲದಿಂದ ಒಂದು ಒಣಗಿದ ಕಾಯಿ ತೆಗೆದು, ಎಲ್ಲರಿಗಿಂತ ಚಿಕ್ಕ ಹುಡುಗಿಯ ಕೈಗೆ ಕೊಟ್ಟು, "ಕಿವಿ ಹತ್ರ ಹಿಡ್ಕೊಂಡು ಅಲ್ಲಾಡ್ಸವ್ವ" ಅಂದ.

ಇಂತಿ,
ನಿಮ್ಮ ಹಳೆಯ ಪಿ.ಟಿ. ಮೇಷ್ಟ್ರು